ಜ್ವರ ಬಿಟ್ಟು ಮರಳಿ ಬಂದಾಗ: ಇನ್‌ಫ್ಲುಯೆಂಜಾ ಮಹಾಮಾರಿಯೂ ನ್ಯುಮೋನಿಯಾವೂ

1918ರ ಸೆಪ್ಟೆಂಬರ್ ತಿಂಗಳ ಉತ್ತರಾರ್ಧದಲ್ಲಿ, ಅಮೆರಿಕದ ಬಾಸ್ಟನ್ ನಗರಕ್ಕೆ ಸಮೀಪದ ಡೆವೆನ್ಸ್ ಸೈನಿಕ ಶಿಬಿರದ ಆಸ್ಪತ್ರೆಯನ್ನು ಕಣ್ಣಾರೆ ಕಂಡು ವರದಿ ಮಾಡಲೆಂದು ಬಂದ ವೈದ್ಯಮಂಡಲಿಯಲ್ಲಿ, ಆ ದೇಶದ ರೋಗನಿದಾನಶಾಸ್ತ್ರಕ್ಕೆ ಹಿರಿಯರೆನಿಸಿದ್ದ ವಿಲಿಯಂ ವೆಲ್ಚ್, ಮಿಷಿಗನ್ ವಿಶ್ವವಿದ್ಯಾನಿಲಯದ ವಿಕ್ಟರ್ ವಾನ್, ನ್ಯುಮೋನಿಯಾದ ವಿಷಯದಲ್ಲಿ ಅಂದಿಗೆ ಅಗ್ರಗಣ್ಯರಾಗಿದ್ದ ರಾಕ್‌ಫೆಲ್ಲರ್ ಸಂಸ್ಥೆಯ ರೂಫಸ್ ಕೋಲ್ ಮೊದಲಾದವರಿದ್ದರು. ತಣ್ಣನೆಯ ಜಿನುಗುಮಳೆಯಲ್ಲಿ ತಂತಮ್ಮ ಕಂಬಳಿಗಳನ್ನು ಹೊತ್ತು, ಒಬ್ಬರ ಹಿಂದೊಬ್ಬರು ಆಸ್ಪತ್ರೆಯತ್ತ ನಡೆದುಬರುತ್ತಿದ್ದ ಯುವಸೈನಿಕರನ್ನು ಅವರು ಕಂಡರು; ಒಳಗೆ ಮಂಚಗಳು ಸಾಲದೆ ಮೊಗಸಾಲೆಗಳಲ್ಲಿಯೂ ರೋಗಿಗಳನ್ನು ಮಲಗಿಸಿದ್ದುದನ್ನು ಕಂಡರು; ಮೊದಲು ಕೆನ್ನೆಯ ಮೇಲೆ ಕಂದುಗೆಂಪು ಮಚ್ಚೆಯಾಗಿ ತೋರಿ, ಕೆಲವೇ ಗಂಟೆಗಳಲ್ಲಿ ಕಿವಿಯಿಂದ ಮೊದಲ್ಗೊಂಡು ಮುಖವೆಲ್ಲವನ್ನೂ ಆವರಿಸುವ ನೀಲವರ್ಣವನ್ನು ಕಂಡರು; ಕಡೆಯಲ್ಲಿ ಶವಪರೀಕ್ಷೆಯ ಕೊಠಡಿಯಲ್ಲಿ, ಗಾಳಿ ತುಂಬಿ ಹಗುರವಾಗಿರಬೇಕಾದ ಶ್ವಾಸಕೋಶಗಳು ರಕ್ತಮಿಶ್ರಿತವಾದ ನೊರೆನೀರಿನಿಂದ ನೆನೆದು, ಯಕೃತ್ತಿನಂತೆ ಭಾರವಾಗಿ ಮೇಜಿನ ಮೇಲೆ ಕುಳಿತಿದ್ದುದನ್ನು ಕಂಡರು. ಎಂತಹ ಸನ್ನಿವೇಶದಲ್ಲಿಯೂ ಧೃತಿಗೆಡದ ವೆಲ್ಚ್ ಅಂದು ವಿಚಲಿತರಾದುದನ್ನು ಕೋಲ್ ಅವರು ಬಹುಕಾಲದ ಮೇಲೆಯೂ ಸ್ಮರಿಸುತ್ತಿದ್ದರಂತೆ.

ಆ ಕೊಠಡಿಯಲ್ಲಿ ಎದ್ದ ಪ್ರಶ್ನೆ ಇಂದಿಗೂ ವೈದ್ಯಶಾಸ್ತ್ರವನ್ನು ಬಿಟ್ಟಿಲ್ಲ. ಮೂರು ದಿನ ಮೈಕೈ ನೋಯಿಸಿ, ಒಂದು ವಾರ ಕೆಮ್ಮಿಸಿ, ತಾನಾಗಿಯೇ ತೊಲಗಿಹೋಗುವ ಜ್ವರವೆಂದು ಲೋಕವೆಲ್ಲ ಬಲ್ಲ ಇನ್‌ಫ್ಲುಯೆಂಜಾ, ಮಹಾಮಾರಿಯ ವರ್ಷಗಳಲ್ಲಿ ಆಸ್ಪತ್ರೆ ಸೇರಿದವರನ್ನು ಕೊಲ್ಲುವುದಾದರೂ ಹೇಗೆ? ಕೊಂದುದು ಆ ಜ್ವರದ ಬೀಜವೇ, ಅಥವಾ ಅದರ ಬೆನ್ನಲ್ಲಿಯೇ ನುಸುಳಿಬಂದ ಮತ್ತೊಂದು ಸೂಕ್ಷ್ಮಜೀವಿಯೇ? ನೂರು ವರ್ಷಗಳ ಆಸ್ಪತ್ರೆಯ ದಾಖಲೆಗಳನ್ನು ಒಟ್ಟಿಗಿಟ್ಟು ನೋಡಿದರೆ, ಪ್ರಶ್ನೆಯನ್ನು ಹೀಗೆ ಎರಡಾಗಿ ಸೀಳಿದ್ದರಿಂದಲೇ ಉತ್ತರ ಕೈಗೆ ಸಿಗುವುದು ತಡವಾಯಿತೆಂದು ನನಗೆ ತೋರುತ್ತದೆ. ಏಕೆಂದರೆ ನ್ಯುಮೋನಿಯಾವೆಂಬ ಆ ಒಂದೇ ಹಾಸಿಗೆಯಲ್ಲಿ ಬಹುಮಟ್ಟಿಗೆ ಎರಡು ರೋಗಗಳು ಮಲಗಿರುತ್ತವೆ, ಅವೆರಡನ್ನೂ ತಡೆಯಲು ವೈದ್ಯನಿಗೆ ದೊರಕುವ ಕಾಲವಾದರೋ ಬಹು ಸ್ವಲ್ಪ.

ರೋಗದ ನಡೆಯನ್ನು ಮೊದಲು ತಿಳಿಯಬೇಕು. ನಮ್ಮ ಶ್ವಾಸನಾಳಗಳ ಒಳಮೈಯಲ್ಲಿ, ಗಾಳಿಗೆ ಬಾಗುವ ಪೈರಿನಂತೆ ಒಂದೇ ದಿಕ್ಕಿಗೆ ಬೀಸುತ್ತಿರುವ, ಕಣ್ಣಿಗೆ ಕಾಣದ ನವಿರಾದ ರೋಮಗಳಿವೆ. ಉಸಿರಿನೊಡನೆ ಒಳಹೊಕ್ಕ ಧೂಳನ್ನೂ ರೋಗಾಣುಗಳನ್ನೂ ಲೋಳೆಯಲ್ಲಿ ಸಿಲುಕಿಸಿ ಅಹರ್ನಿಶಿ ಮೇಲಕ್ಕೆ ತಳ್ಳುವ ಕಾರ್ಯ ಅವುಗಳದು. ಇನ್‌ಫ್ಲುಯೆಂಜಾ ವೈರಾಣು ಮೊಟ್ಟಮೊದಲು ದಾಳಿಯಿಡುವುದು ಈ ಪದರದ ಮೇಲೆಯೇ. ಜೀವಕೋಶಗಳು ಸತ್ತು ಕಳಚಿಬೀಳುತ್ತವೆ. ಕೆಳಗಿನ ತಳಪದರ ಬೆತ್ತಲಾಗುತ್ತದೆ. ವೈರಾಣುವಿನ ಹೊರಮೈಯಲ್ಲಿರುವ ನ್ಯೂರಮಿನಿಡೇಸ್ ಎಂಬ ಕಿಣ್ವವು ಕೋಶಗಳ ಮೇಲಿನ ಶರ್ಕರದ ಹೊದಿಕೆಯನ್ನು ಕತ್ತರಿಸಿ, ಬ್ಯಾಕ್ಟೀರಿಯಾಗಳು ಅಂಟಿಕೊಳ್ಳಲು ತಕ್ಕ ಎಡೆಯನ್ನು ತೆರೆದಿಡುತ್ತದೆ. ಸಾಲದೆಂಬಂತೆ, ವೈರಾಣುವಿನೊಡನೆ ಹೋರಾಡಲು ದೇಹವೇ ಸ್ರವಿಸಿದ ದ್ರವ್ಯಗಳು ಬ್ಯಾಕ್ಟೀರಿಯಾಗಳನ್ನು ಕಬಳಿಸಬೇಕಾದ ರಕ್ಷಕಕೋಶಗಳನ್ನು ಕೆಲವು ದಿನಗಳ ಮಟ್ಟಿಗೆ ಜಡಗೊಳಿಸುತ್ತವೆ. ಆರೋಗ್ಯವಂತರ ಮೂಗುಗಂಟಲುಗಳಲ್ಲಿ ಉಪದ್ರವವಿಲ್ಲದೆ ನೆಲಸಿರುವ ನ್ಯುಮೋಕಾಕಸ್, ಸ್ಟ್ರೆಪ್ಟೊಕಾಕಸ್, ಸ್ಟ್ಯಾಫಿಲೊಕಾಕಸ್ ಮೊದಲಾದವು ಕಾವಲಿಲ್ಲದ ಕೋಟೆಗೆ ಇಳಿಯುವುದು ಆಗಲೇ. ಇದು ಒಂದು ದಾರಿ. ಕೆಲವರಲ್ಲಿ ವೈರಾಣುವೇ, ಯಾರ ನೆರವನ್ನೂ ಬೇಡದೆ, ಶ್ವಾಸಕೋಶದ ತುತ್ತತುದಿಯ ಗಾಳಿಗೂಡುಗಳವರೆಗೆ ಇಳಿದು ಅವುಗಳ ತೆಳುಗೋಡೆಯನ್ನು ಸುಟ್ಟುಬಿಡುತ್ತದೆ. ರಕ್ತದ ನೀರು ಒಸರಿ ಗೂಡುಗಳನ್ನು ತುಂಬುತ್ತದೆ. ರೋಗಿಯು ಗಾಳಿಯ ನಡುವೆಯೇ ಮುಳುಗತೊಡಗುತ್ತಾನೆ. ಇದು ಎರಡನೆಯ ದಾರಿ. ಇವೆರಡೂ ಒಬ್ಬನಲ್ಲಿಯೇ ಬೆರೆತು ಬರುವುದು ಮೂರನೆಯದು, ಮಹಾಮಾರಿಗಳಲ್ಲಿ ಅಪರೂಪವೇನೂ ಅಲ್ಲ.

ಈ ವಿವೇಚನೆ ಒಂದೇ ದಿನದಲ್ಲಿ ಒದಗಿದುದಲ್ಲ. 1892ರಲ್ಲಿ ಜರ್ಮನಿಯ ರಿಚರ್ಡ್ ಫೈಫರ್ ಅವರು ರೋಗಿಗಳ ಕಫದಲ್ಲಿ ಒಂದು ಸಣ್ಣ ಬ್ಯಾಸಿಲಸ್ಸನ್ನು ಕಂಡು, ಇನ್‌ಫ್ಲುಯೆಂಜಾಕ್ಕೆ ಅದೇ ಕಾರಣವೆಂದು ಸಾರಿದರು. ಅವರ ಕೀರ್ತಿ ಎಷ್ಟು ದೊಡ್ಡದಾಗಿತ್ತೆಂದರೆ, 1918ರಲ್ಲಿ ಅನೇಕ ಶವಗಳಲ್ಲಿ ಆ ಬ್ಯಾಸಿಲಸ್ ಕಾಣದೆ ಹೋದಾಗಲೂ ಹಲವರು ಸಿದ್ಧಾಂತವನ್ನು ಶಂಕಿಸುವ ಬದಲು ತಮ್ಮ ಕೈಚಳಕವನ್ನೇ ಶಂಕಿಸಿಕೊಂಡರು. 1931ರಲ್ಲಿ ರಿಚರ್ಡ್ ಶೋಪ್ ಅವರು ಅಮೆರಿಕದ ಅಯೋವಾ ಪ್ರಾಂತದ ಹಂದಿಗಳ ಜ್ವರವನ್ನು ಅಭ್ಯಸಿಸಿ, ಸೂಕ್ಷ್ಮ ಶೋಧಕವನ್ನೂ ದಾಟಿಹೋಗುವ ವೈರಾಣುವೊಂದು ತಾನೊಂದೇ ಆದರೆ ಹಂದಿಗೆ ಸೌಮ್ಯವಾದ ಕಾಯಿಲೆಯನ್ನಷ್ಟೇ ತರುವುದೆಂದೂ, ಫೈಫರರ ಬ್ಯಾಸಿಲಸ್ಸಿನ ದಾಯಾದಿಯಾದ ಬ್ಯಾಕ್ಟೀರಿಯವೊಂದು ಅದರೊಡನೆ ಕೂಡಿದಾಗ ಮಾರಕವಾದ ನ್ಯುಮೋನಿಯಾ ಬರುವುದೆಂದೂ ತೋರಿಸಿದರು. ಎರಡು ರೋಗಗಳ ಸಹವಾಸವೆಂಬ ತತ್ತ್ವ ಹಂದಿಯ ಹಟ್ಟಿಯಲ್ಲಿ ಅಷ್ಟು ಸ್ಪಷ್ಟವಾಗಿ ಸಿದ್ಧವಾಗಿದ್ದರೂ, ಮನುಷ್ಯರ ಆಸ್ಪತ್ರೆಗೆ ಅದು ನಡೆದುಬರಲು ಬಹುಕಾಲ ಹಿಡಿಯಿತೆಂಬುದು ವಿಷಾದದ ಸಂಗತಿ. 1933ರಲ್ಲಿ ಲಂಡನ್ನಿನ ವಿಲ್ಸನ್ ಸ್ಮಿತ್, ಕ್ರಿಸ್ಟೊಫರ್ ಆಂಡ್ರ್ಯೂಸ್, ಪ್ಯಾಟ್ರಿಕ್ ಲೇಯ್ಡ್‌ಲಾ ಇವರು ಮನುಷ್ಯರ ಇನ್‌ಫ್ಲುಯೆಂಜಾ ವೈರಾಣುವನ್ನು ಫೆರೆಟ್ ಎಂಬ ಮುಂಗುಸಿಯಂತಹ ಪ್ರಾಣಿಯ ಮೂಲಕ ಪತ್ತೆಮಾಡಿದ ಮೇಲೆ ಫೈಫರರ ವಾದ ಬಿದ್ದುಹೋಯಿತು. ಪ್ರಾಸಂಗಿಕವಾಗಿ ಇಲ್ಲಿಯೇ ಹೇಳಬೇಕಾದುದೊಂದಿದೆ. ಅಲೆಕ್ಸಾಂಡರ್ ಫ್ಲೆಮಿಂಗ್ ಅವರು 1929ರಲ್ಲಿ ಪೆನಿಸಿಲಿನ್ನಿನ ವಿಚಾರವಾಗಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದ ಶೀರ್ಷಿಕೆಯಲ್ಲಿಯೇ, ಆ ಬೂಷ್ಟಿನ ರಸವು ಫೈಫರರ ಬ್ಯಾಸಿಲಸ್ಸನ್ನು ಇತರ ಜೀವಾಣುಗಳಿಂದ ಬೇರ್ಪಡಿಸಿ ಬೆಳೆಸಲು ಒದಗುವ ಸಾಧನವೆಂಬ ಉಲ್ಲೇಖವಿದೆ. ಇನ್‌ಫ್ಲುಯೆಂಜಾದ ನ್ಯುಮೋನಿಯಾದಿಂದ ಮುಂದೆ ಲಕ್ಷಾಂತರ ಜನರನ್ನು ಬದುಕಿಸಲಿದ್ದ ಔಷಧವು, ಅದೇ ರೋಗದ ತಪ್ಪು ಕಾರಣವನ್ನು ಅರಸುವವರ ಕೈಗೆ ಉಪಕರಣವಾಗಿ ಮೊದಲು ಬಂದಿತು.

1918ರ ಕೋಲಾಹಲದಲ್ಲಿ ಭಾರತ ತೆತ್ತ ಬೆಲೆ ಉಳಿದೆಲ್ಲ ದೇಶಗಳಿಗಿಂತ ಅಧಿಕ. ಬೇಸಗೆಯ ಕೊನೆಯಲ್ಲಿ ಮುಂಬಯಿಯ ಬಂದರಿನಿಂದ ಒಳನುಗ್ಗಿ, ಮಳೆ ಕೈಕೊಟ್ಟು ಧಾನ್ಯ ದುರ್ಲಭವಾಗಿದ್ದ ಆ ವರ್ಷದ ಶರತ್ಕಾಲದಲ್ಲಿ ಎರಡನೆಯ ಅಲೆಯಾಗಿ ಎದ್ದ ಈ ಮಾರಿಗೆ ತುತ್ತಾದವರು ಸುಮಾರು 60 ಲಕ್ಷವೆಂದು ಅಂದಿನ ಆರೋಗ್ಯಾಧಿಕಾರಿ ನಾರ್ಮನ್ ವೈಟ್ ಅಂದಾಜು ಮಾಡಿದರು; ಮುಂದಿನ ಜನಸಂಖ್ಯಾಶಾಸ್ತ್ರಜ್ಞರು ಆ ಸಂಖ್ಯೆಯನ್ನು ಒಂದು ಕೋಟಿಗೂ ಮೇಲಕ್ಕೆ, ಕೆಲವರು ಒಂದು ಕೋಟಿ ಎಂಬತ್ತು ಲಕ್ಷದವರೆಗೂ ಏರಿಸಿದ್ದಾರೆ. 1911ರಿಂದ 1921ರವರೆಗಿನ ಹತ್ತು ವರ್ಷಗಳಲ್ಲಿ ದೇಶದ ಜನಸಂಖ್ಯೆ ಬೆಳೆಯುವುದರ ಬದಲು ಇಳಿಯಿತೆಂಬ ಜನಗಣತಿಯ ಒಂದು ಸಾಲು ಆ ದುರಂತದ ಗಾತ್ರವನ್ನು ಹೇಳುತ್ತದೆ. ಆದರೆ ಈ ಮೃತರಲ್ಲಿ ಬಹುಮಂದಿ ಆಸ್ಪತ್ರೆಯ ಬಾಗಿಲನ್ನೇ ಕಂಡವರಲ್ಲವಾದ್ದರಿಂದ, ಅವರ ಶ್ವಾಸಕೋಶದಲ್ಲಿ ಏನು ನಡೆಯಿತೆಂಬುದನ್ನು ಅನ್ಯತ್ರ ಉಳಿದ ದಾಖಲೆಗಳಿಂದಲೇ ಊಹಿಸಬೇಕಾಗಿದೆ. ಆ ದಾಖಲೆಗಳು ಮಾತ್ರ ಹೇರಳವಾಗಿವೆ. 2008ರಲ್ಲಿ ಡೇವಿಡ್ ಮೊರೆನ್ಸ್, ಜೆಫ್ರಿ ಟಾಬೆನ್‌ಬರ್ಗರ್, ಆಂಟನಿ ಫೌಚಿ ಇವರು ಮೇಣದಲ್ಲಿ ಹುದುಗಿಸಿ ಇಟ್ಟಿದ್ದ 58 ಜನರ ಶ್ವಾಸಕೋಶದ ತುಣುಕುಗಳನ್ನು ಹೊಸದಾಗಿ ಪರೀಕ್ಷಿಸಿ, ಅದರ ಜೊತೆಗೆ ಹಳೆಯ ಪ್ರಕಟಣೆಗಳಲ್ಲಿ ಬಂದಿದ್ದ 8,398 ಶವಪರೀಕ್ಷೆಗಳ ವರದಿಗಳನ್ನು ಪರಾಮರ್ಶಿಸಿ, 1918ರ ಮರಣಗಳಲ್ಲಿ ಬಹುಪಾಲಿಗೆ ವೈರಾಣುವಿನ ಹಿಂದೆ ಬಂದ ಬ್ಯಾಕ್ಟೀರಿಯಾದ ನ್ಯುಮೋನಿಯಾವೇ ಕಾರಣವೆಂಬ ನಿರ್ಣಯಕ್ಕೆ ಬಂದರು. ಪ್ರತಿಜೀವಕಗಳಿಲ್ಲದ ಕಾಲವದು, ನ್ಯುಮೋಕಾಕಸ್ಸಿಗೆ ಎದುರಾಗಿ ನಿಲ್ಲಬಲ್ಲ ಔಷಧ ವೈದ್ಯರ ಪೆಟ್ಟಿಗೆಯಲ್ಲಿರಲಿಲ್ಲ.

1957ರ ಏಷಿಯನ್ ಇನ್‌ಫ್ಲುಯೆಂಜಾ ಬರುವ ವೇಳೆಗೆ ಪೆನಿಸಿಲಿನ್ ಇದ್ದಿತು, ವೈರಾಣುವನ್ನು ಬೆಳೆಸಿ ಗುರುತಿಸುವ ವಿದ್ಯೆಯೂ ಇದ್ದಿತು. ಆದಕಾರಣ ನ್ಯೂಯಾರ್ಕಿನಲ್ಲಿ ಡೊನಾಲ್ಡ್ ಲೂರಿಯಾ, ಎಡ್ವಿನ್ ಕಿಲ್ಬೋರ್ನ್ ಮೊದಲಾದವರು ಆಸ್ಪತ್ರೆ ಸೇರಿದ ರೋಗಿಗಳ ಶ್ವಾಸಕೋಶದ ತೊಡಕುಗಳನ್ನು ಕ್ರಮವಾಗಿ ಅಭ್ಯಸಿಸಿ, 1959ರಲ್ಲಿ ಪ್ರಕಟಿಸಿದ ವಿಭಾಗಕ್ರಮವೇ ಇಂದಿಗೂ ನಮಗೆ ಆಧಾರ. ಶುದ್ಧ ವೈರಾಣುವಿನ ನ್ಯುಮೋನಿಯಾ, ಬ್ಯಾಕ್ಟೀರಿಯಾದ ನ್ಯುಮೋನಿಯಾ, ಎರಡರ ಮಿಶ್ರಣ ಎಂದು ಅವರು ಮಾಡಿದ ಭೇದವು ಹಾಸಿಗೆಯ ಬಳಿ ನಿಂತು ನೋಡಿದವರ ಭೇದ. ಕೀಲುವಾತಜ್ವರದಿಂದ ಹೃದಯದ ಎಡಕವಾಟ ಕಿರಿದಾಗಿ, ಶ್ವಾಸಕೋಶದಲ್ಲಿ ರಕ್ತ ಮೊದಲೇ ಮಡುಗಟ್ಟಿದಂತಿದ್ದವರೂ ಗರ್ಭಿಣಿಯರೂ ಮೊದಲನೆಯ ವರ್ಗಕ್ಕೆ ಹೆಚ್ಚಾಗಿ ಬಲಿಯಾದುದನ್ನು ಅಂದಿನ ವೈದ್ಯರು ಗಮನಿಸಿದರು. ಆ ವರ್ಷ ಸ್ಟ್ಯಾಫಿಲೊಕಾಕಸ್ಸಿನ ಹಾವಳಿ ವಿಶೇಷವಾಗಿ ಕಂಡುಬಂದಿತು. 1968ರ ಹಾಂಗ್‌ಕಾಂಗ್ ಇನ್‌ಫ್ಲುಯೆಂಜಾದಲ್ಲಿ ನ್ಯುಮೋಕಾಕಸ್ ಮತ್ತೆ ಮುಂದಾಯಿತು.

ಈ ಎರಡು ಬಗೆಗಳ ವ್ಯತ್ಯಾಸವನ್ನು ಕಾಣಲು, ಹಿಂದಿನ ಆಸ್ಪತ್ರೆಗಳಲ್ಲಿ ಪ್ರತಿ ಮಂಚದ ಕಾಲ್ದೆಸೆಯಲ್ಲಿ ತೂಗುಹಾಕುತ್ತಿದ್ದ ಜ್ವರದ ಪಟಕ್ಕಿಂತ ಉತ್ತಮವಾದ ಕನ್ನಡಿಯಿಲ್ಲ. ವೈರಾಣುವಿನ ನ್ಯುಮೋನಿಯಾದಲ್ಲಿ ಗೆರೆ ಮೊದಲ ದಿನ ಏರಿದ್ದು ಇಳಿಯುವುದೇ ಇಲ್ಲ. ಎರಡನೆಯ ಮೂರನೆಯ ದಿನಗಳಲ್ಲಿಯೇ ಏದುಸಿರು ಆರಂಭವಾಗುತ್ತದೆ. ಕಫ ಸ್ವಲ್ಪ, ತೆಳು, ಒಮ್ಮೊಮ್ಮೆ ರಕ್ತದ ಎಳೆಯುಳ್ಳದ್ದು. ಎಕ್ಸ್‌ರೇ ಚಿತ್ರದಲ್ಲಿ ಎರಡೂ ಪಕ್ಕಗಳಲ್ಲಿ ಮಬ್ಬು ಕವಿದಿರುತ್ತದೆ. ಬ್ಯಾಕ್ಟೀರಿಯಾದ ನ್ಯುಮೋನಿಯಾದಲ್ಲಿ ಗೆರೆ ಏರಿ, ನಾಲ್ಕನೆಯ ಐದನೆಯ ದಿನಕ್ಕೆ ಇಳಿಯುತ್ತದೆ. ರೋಗಿ ಎದ್ದು ಕುಳಿತು ಗಂಜಿ ಕೇಳುತ್ತಾನೆ. ಮನೆಯವರು ನೆಮ್ಮದಿಯ ಉಸಿರು ಬಿಡುತ್ತಾರೆ. ಆ ಬಳಿಕ ಒಂದು ಸಂಜೆ ಮೈ ನಡುಗಿ ಜ್ವರ ಮತ್ತೆ ಏರುತ್ತದೆ, ಪಕ್ಕೆಯಲ್ಲಿ ಚುಚ್ಚಿದಂತೆ ನೋವು, ಕಫ ತುಕ್ಕಿನ ಬಣ್ಣಕ್ಕೋ ಹಳದಿಗೋ ತಿರುಗುತ್ತದೆ. ಸ್ಟೆತಸ್ಕೋಪನ್ನು ಬೆನ್ನಿನ ಕೆಳಭಾಗಕ್ಕಿಟ್ಟು ಆಲಿಸಿದರೆ, ಕಿವಿಯ ಬಳಿ ಒಂದು ಕುಚ್ಚು ಕೂದಲನ್ನು ಬೆರಳುಗಳ ನಡುವೆ ತಿಕ್ಕಿದಾಗ ಕೇಳುವಂತಹ ನವಿರಾದ ಚಿಟಿಚಿಟಿ ಶಬ್ದ ಪ್ರತಿ ಉಚ್ಛ್ವಾಸದ ಕೊನೆಯಲ್ಲಿ ಕೇಳುತ್ತದೆ. ಜ್ವರದ ಪಟದ ಮೇಲಿನ ಆ ಎರಡನೆಯ ಏರಿಕೆಯನ್ನು ಬಲ್ಲ ದಾದಿಯೊಬ್ಬಳು ಅದನ್ನು ಕಂಡ ಕೂಡಲೇ ವೈದ್ಯನನ್ನು ಕರೆದರೆ, ಅವಳು ಅಂದು ಮಾಡಿದ ಉಪಕಾರಕ್ಕೆ ಸಮನಾದುದನ್ನು ಯಾವ ಯಂತ್ರವೂ ಮಾಡಲಾರದು.

2009ರ ಮಹಾಮಾರಿಯನ್ನು ನಾವೆಲ್ಲ ಹಂದಿಜ್ವರವೆಂದು ಬಲ್ಲೆವು. ಅದರ ಮೊದಲ ಚಿತ್ರ ಬಂದುದು ಮೆಕ್ಸಿಕೋ ನಗರದ ರಾಷ್ಟ್ರೀಯ ಶ್ವಾಸರೋಗಗಳ ಸಂಸ್ಥೆಯಿಂದ: ಅಲ್ಲಿ ಮಾರ್ಚ್ ಕೊನೆಯಿಂದ ಏಪ್ರಿಲ್ ಕೊನೆಯವರೆಗೆ ತೀವ್ರ ಶ್ವಾಸರೋಗದಿಂದ ಸೇರಿದ 98 ಜನರಲ್ಲಿ 18 ಮಂದಿಗೆ ಹೊಸ ವೈರಾಣುವಿನ ನ್ಯುಮೋನಿಯಾ ದೃಢಪಟ್ಟಿತು, ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು 13ರಿಂದ 47 ವರ್ಷದೊಳಗಿನವರು, 12 ಮಂದಿಗೆ ಕೃತಕ ಉಸಿರಾಟದ ಯಂತ್ರ ಬೇಕಾಯಿತು, 7 ಮಂದಿ ತೀರಿಕೊಂಡರು. ವೃದ್ಧರನ್ನು ಬಿಟ್ಟು ತರುಣರನ್ನು ಹಿಡಿಯುವ ಈ ಚಾಳಿ 1918ನ್ನು ನೆನಪಿಗೆ ತಂದು ಲೋಕವನ್ನು ನಡುಗಿಸಿತು. ಅದೇ ವರ್ಷದ ಚಳಿಗಾಲದಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ದೇಶಗಳ ತೀವ್ರನಿಗಾ ಘಟಕಗಳಿಗೆ ಮೂರು ತಿಂಗಳಲ್ಲಿ ಸೇರಿದ 722 ರೋಗಿಗಳಲ್ಲಿ ನೂರಕ್ಕೆ 92ಕ್ಕಿಂತ ಹೆಚ್ಚಿನವರು 65 ವರ್ಷಕ್ಕಿಂತ ಕಿರಿಯರು. ನೂರಕ್ಕೆ ಒಂಬತ್ತು ಮಂದಿ ಗರ್ಭಿಣಿಯರು. ನೂರಕ್ಕೆ 28ಕ್ಕೂ ಹೆಚ್ಚು ಮಂದಿ ಅತಿಸ್ಥೂಲಕಾಯರು. ಆ 722 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ವೈರಾಣುವೇ ಶ್ವಾಸಕೋಶವನ್ನು ಕೆಡಿಸಿತ್ತು. ಐವರಲ್ಲಿ ಒಬ್ಬರಿಗೆ ಬ್ಯಾಕ್ಟೀರಿಯಾದ ನ್ಯುಮೋನಿಯಾ ಕಂಡಿತು. ಅಮೆರಿಕದಲ್ಲಿ ಸತ್ತ 77 ಮಂದಿಯ ಶ್ವಾಸಕೋಶಗಳನ್ನು ಅಲ್ಲಿಯ ರೋಗನಿಯಂತ್ರಣ ಕೇಂದ್ರದವರು ಪರೀಕ್ಷಿಸಿದಾಗ 22ರಲ್ಲಿ ಬ್ಯಾಕ್ಟೀರಿಯಾಗಳು ದೊರೆತವು, ಅವುಗಳಲ್ಲಿ ಹತ್ತು ನ್ಯುಮೋಕಾಕಸ್.

ಈ ಸಂಖ್ಯೆಗಳನ್ನು ನೋಡಿ, 1918ರಲ್ಲಿ ಬ್ಯಾಕ್ಟೀರಿಯಾ ಕೊಂದಿತು, 2009ರಲ್ಲಿ ವೈರಾಣು ಕೊಂದಿತು ಎಂದು ಹೇಳುವ ಆತುರ ಸಲ್ಲದು. 2009ರಲ್ಲಿ ಆಸ್ಪತ್ರೆಗೆ ಬಂದ ಬಹುಮಂದಿ ಮೊದಲ ದಿನವೇ, ಅನೇಕರು ಮನೆಯಲ್ಲಿದ್ದಾಗಲೇ, ಪ್ರತಿಜೀವಕವನ್ನು ತೆಗೆದುಕೊಂಡಿದ್ದವರು. ಔಷಧ ಒಳಹೋದ ಮೇಲೆ ರಕ್ತವನ್ನೋ ಕಫವನ್ನೋ ಬೆಳೆಸಿ ನೋಡಿದರೆ ಜೀವಾಣು ಬೆಳೆಯದೆ ಹೋಗುವುದು ಸಹಜ. ಇತ್ತ ವೈರಾಣುವಿನ ಪರೀಕ್ಷೆಯೂ ನಂಬಿಕೆದ್ರೋಹ ಮಾಡುವುದುಂಟು: ರೋಗ ಆಳಕ್ಕಿಳಿದ ಮೇಲೆ ಮೂಗುಗಂಟಲಿನ ದ್ರವದಲ್ಲಿ ವೈರಾಣು ಸಿಗದೆ, ಶ್ವಾಸನಾಳದ ಬುಡದಿಂದ ತೆಗೆದ ಕಫದಲ್ಲಿ ಮಾತ್ರ ಸಿಕ್ಕಿದ ರೋಗಿಗಳನ್ನು ಅನೇಕ ಆಸ್ಪತ್ರೆಗಳು ಕಂಡವು. ಮೂಗಿನ ಪರೀಕ್ಷೆ ಶುದ್ಧವೆಂದು ಔಷಧವನ್ನು ನಿಲ್ಲಿಸಿದರೆ ಅನರ್ಥವಾಗುತ್ತದೆ.

ನ್ಯುಮೋನಿಯಾ ಎಷ್ಟು ಜನಕ್ಕೆ ಬರುತ್ತದೆ, ಬಂದರೆ ಏನಾಗುತ್ತದೆ ಎಂಬುದಕ್ಕೆ ಆ ವರ್ಷದ ಅಮೆರಿಕದ ಸಮೀಕ್ಷೆಗಳು ಸ್ಪಷ್ಟವಾದ ಉತ್ತರವನ್ನಿತ್ತಿವೆ. ಎಕ್ಸ್‌ರೇ ತೆಗೆಸಿಕೊಂಡ 451 ಆಸ್ಪತ್ರೆಯ ರೋಗಿಗಳಲ್ಲಿ 195 ಮಂದಿಗೆ, ಎಂದರೆ ನೂರಕ್ಕೆ 43 ಮಂದಿಗೆ, ನ್ಯುಮೋನಿಯಾ ಇದ್ದಿತು. ಇದು ಆಸ್ಪತ್ರೆಯೆಂಬ ಜರಡಿಯಲ್ಲಿ ಉಳಿದವರ ಲೆಕ್ಕ. ಊರಿನಲ್ಲಿ ಜ್ವರ ಬಂದವರೆಲ್ಲರ ಲೆಕ್ಕವೆಂದು ಯಾರೂ ಗಾಬರಿಗೊಳ್ಳಬಾರದು. ಆದರೆ ಜರಡಿಯೊಳಗಿನ ಅಂತರ ಭಯಂಕರವಾದುದು: ನ್ಯುಮೋನಿಯಾ ಇದ್ದವರಲ್ಲಿ ನೂರಕ್ಕೆ 52 ಮಂದಿ ತೀವ್ರನಿಗಾ ಘಟಕವನ್ನು ಸೇರಿದರೆ ಇಲ್ಲದವರಲ್ಲಿ 16, ಮರಣಹೊಂದಿದವರು ಅವರಲ್ಲಿ 17, ಇವರಲ್ಲಿ 2. ಇದಕ್ಕಿಂತಲೂ ನನ್ನ ಮನಸ್ಸಿನಲ್ಲಿ ನಾಟಿದ ಸಂಖ್ಯೆ ಬೇರೊಂದಿದೆ. ಜ್ವರ ಬಂದ ಎರಡು ದಿನಗಳೊಳಗೆ ವೈರಾಣುವಿನ ಔಷಧವನ್ನು ಪಡೆದವರು, ನ್ಯುಮೋನಿಯಾ ಆಗದವರಲ್ಲಿ ನೂರಕ್ಕೆ 50 ಇದ್ದರೆ, ಆದವರಲ್ಲಿ 28 ಮಾತ್ರ. ಔಷಧ ಎರಡೂ ಗುಂಪುಗಳಿಗೆ ದೊರೆತಿತ್ತು. ದೊರೆತ ದಿನ ಬೇರೆಯಾಗಿತ್ತು.

ಆ ಔಷಧವಾದ ಒಸೆಲ್ಟಾಮಿವಿರ್‌ನ ವಿಷಯದಲ್ಲಿ ವಿದ್ವಾಂಸರಲ್ಲಿ ವಿವಾದವಿಲ್ಲದಿಲ್ಲ. 38 ದೇಶಗಳ 29,000ಕ್ಕೂ ಹೆಚ್ಚು ಆಸ್ಪತ್ರೆಯ ರೋಗಿಗಳ ದಾಖಲೆಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವು, ಎರಡು ದಿನಗಳೊಳಗೆ ಆರಂಭಿಸಿದರೆ, ತಡವಾಗಿ ಆರಂಭಿಸಿದುದಕ್ಕಿಂತ ಮರಣದ ಸಂಭವ ಸುಮಾರು ಅರ್ಧಕ್ಕಿಳಿಯುವುದೆಂದು ಹೇಳಿತು. ಆ ಅಧ್ಯಯನಕ್ಕೆ ಔಷಧ ತಯಾರಕರ ಧನಸಹಾಯವಿದ್ದುದನ್ನು ಆಕ್ಷೇಪಿಸಿದವರುಂಟು. ಅದೇ ವರ್ಷ ಕಾಕ್ರೇನ್ ಸಂಸ್ಥೆಯ ಪರಿಶೀಲಕರು, ಔಷಧದ ಮೂಲ ಪ್ರಯೋಗಗಳನ್ನೆಲ್ಲ ಅರಸಿ ತೆಗೆದು ನೋಡಿ, ನ್ಯುಮೋನಿಯಾ ತಪ್ಪುವುದೆಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲವೆಂದರು. ಎರಡೂ ಪಕ್ಷಗಳನ್ನು ಓದಿದವನಿಗೆ ತೋರುವುದೇನೆಂದರೆ, ಕಾಕ್ರೇನಿನವರು ತೂಗಿದ ಪ್ರಯೋಗಗಳು ಬಹುಮಟ್ಟಿಗೆ ಮನೆಯಲ್ಲಿಯೇ ಗುಣವಾಗುವ ಸಾಮಾನ್ಯ ರೋಗಿಗಳ ಮೇಲೆ ನಡೆದವು. ಆಸ್ಪತ್ರೆಯಲ್ಲಿ ಉಸಿರಿಗಾಗಿ ತಿಣುಕುತ್ತಿರುವ ಗರ್ಭಿಣಿಯ ವಿಷಯದಲ್ಲಿ ಅವುಗಳಿಂದ ನಿಷೇಧವಾಕ್ಯವನ್ನು ತೆಗೆಯುವುದು ನ್ಯಾಯವಲ್ಲ. ಸಂದೇಹವಿದ್ದರೂ ಕೂಡಲೇ ಕೊಡತಕ್ಕದ್ದು ಎಂಬುದೇ ವಿವೇಕದ ಪಕ್ಷ; ಅದರೊಡನೆ, ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಕಂಡರೆ, ನ್ಯುಮೋಕಾಕಸ್ಸನ್ನೂ ಸ್ಟ್ಯಾಫಿಲೊಕಾಕಸ್ಸನ್ನೂ ಹಿಡಿಯಬಲ್ಲ ಪ್ರತಿಜೀವಕವನ್ನೂ ಮೊದಲ ದಿನವೇ ಕೊಡತಕ್ಕದ್ದು. ಸ್ಟೀರಾಯ್ಡುಗಳ ವಿಷಯದಲ್ಲಿ ಹಾಗಲ್ಲ. ಉರಿಯೂತವನ್ನು ತಗ್ಗಿಸಬಹುದೆಂಬ ಆಸೆಯಿಂದ 2009ರಲ್ಲಿ ಧಾರಾಳವಾಗಿ ಅವನ್ನು ಕೊಟ್ಟ ಎಡೆಗಳಲ್ಲಿ, ಲಾಭದ ಬದಲು ಅಧಿಕ ಮರಣವೇ ಲೆಕ್ಕದಲ್ಲಿ ಕಂಡುಬಂದಿತು.

ಭಾರತದಲ್ಲಿ ಆ ಮಹಾಮಾರಿಯ ಮೊದಲ ಮರಣ 2009ರ ಆಗಸ್ಟ್ 3ರಂದು ಪುಣೆಯಲ್ಲಿ ಸಂಭವಿಸಿತು. ಸತ್ತವಳು ಒಬ್ಬ ಶಾಲಾಬಾಲಿಕೆ. ಕೆಲವೇ ದಿನಗಳಲ್ಲಿ ಬೆಂಗಳೂರಿಗೂ ಸಾವಿನ ಸುದ್ದಿ ಬಂದಿತು. ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಲ್ಲಿ ಪ್ರತ್ಯೇಕ ವಾರ್ಡು ತೆರೆಯಿತು, ನಿಮ್ಹಾನ್ಸ್‌ನ ಪ್ರಯೋಗಶಾಲೆಗೆ ಗಂಟಲದ್ರವದ ಮಾದರಿಗಳು ರಾಶಿರಾಶಿಯಾಗಿ ಬಂದವು, ಔಷಧದಂಗಡಿಗಳಲ್ಲಿ ಮುಖಗವಸು ದುರ್ಲಭವಾಯಿತು. ಆ ವೈರಾಣು ಅಲ್ಲಿಗೇ ನಿಂತುಹೋಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2010ರ ಆಗಸ್ಟಿನಲ್ಲಿ ಮಹಾಮಾರಿ ಮುಗಿಯಿತೆಂದು ಸಾರಿದ ಬಳಿಕವೂ ನಮ್ಮ ನಡುವೆ ನೆಲಸಿ, 2015ರಲ್ಲಿ ದೇಶದಾದ್ಯಂತ 42,000ಕ್ಕೂ ಹೆಚ್ಚು ಜನರನ್ನು ಹಿಡಿದು ಮೂರು ಸಾವಿರಕ್ಕೆ ಸಮೀಪವಾದ ಪ್ರಾಣಗಳನ್ನು ಕೊಂಡೊಯ್ದಿತು. ಪರೀಕ್ಷೆಗಾಗಿ ಸಾಲುಗಟ್ಟಿ ನಿಂತವರಲ್ಲಿ ಬಹುಮಂದಿಗೆ ಪರೀಕ್ಷೆಯೇ ಬೇಕಾಗಿರಲಿಲ್ಲ. ಬೇಕಾಗಿದ್ದ ಕೆಲವರು, ಮೊದಲ ಜ್ವರ ಬಿಟ್ಟಿತೆಂಬ ನೆಮ್ಮದಿಯಲ್ಲಿ, ಆರನೆಯ ಏಳನೆಯ ದಿನಕ್ಕೆ ಉಸಿರು ಮೇಲಾದಾಗ ಬಂದರು. ಈ ವ್ಯತ್ಯಯವೇ ನನ್ನನ್ನು ಬಾಧಿಸುತ್ತದೆ.

ಕೃತಕ ಉಸಿರಾಟದ ಯಂತ್ರ, ರೋಗಿಯನ್ನು ಬೋರಲು ಮಲಗಿಸುವ ಕ್ರಮ, ರಕ್ತವನ್ನು ಹೊರತೆಗೆದು ಆಮ್ಲಜನಕ ಬೆರೆಸಿ ಮರಳಿಸುವ ಉಪಕರಣ ಇವೆಲ್ಲವೂ ಪ್ರಾಣವನ್ನು ಉಳಿಸಿವೆ. ಆಸ್ಟ್ರೇಲಿಯಾ ನ್ಯೂಜಿಲೆಂಡುಗಳಲ್ಲಿ 2009ರಲ್ಲಿ ಈ ಕೊನೆಯ ಉಪಕರಣಕ್ಕೆ ಒಳಗಾದ 68 ಮಂದಿಯಲ್ಲಿ ಹೆಚ್ಚಿನವರು ಬದುಕಿದರು. ಆದರೆ ನಮ್ಮ ಜಿಲ್ಲಾ ಆಸ್ಪತ್ರೆಗಳಿಗೆ, ತಾಲ್ಲೂಕಿನ ಕೇಂದ್ರಗಳಿಗೆ ಇವು ಯಾವಾಗಲೂ ಒದಗುವಂತಹವಲ್ಲ. ಅಲ್ಲಿ ಒದಗುವುದು ಆಮ್ಲಜನಕದ ಸಿಲಿಂಡರು, ಒಂದು ಪ್ರತಿಜೀವಕ, ಒಸೆಲ್ಟಾಮಿವಿರ್ ಮಾತ್ರೆ, ಜ್ವರದ ಗೆರೆಯನ್ನು ಓದಬಲ್ಲ ಕಣ್ಣು. ವರ್ಷಕ್ಕೊಮ್ಮೆ ಇನ್‌ಫ್ಲುಯೆಂಜಾದ ಲಸಿಕೆ, ವೃದ್ಧರಿಗೂ ಮಕ್ಕಳಿಗೂ ಹೃದ್ರೋಗಿಗಳಿಗೂ ನ್ಯುಮೋಕಾಕಸ್ಸಿನ ಲಸಿಕೆ, ಗರ್ಭಿಣಿಯರಿಗೆ ತಪ್ಪದೆ ಮೊದಲನೆಯದು: ಇವಿಷ್ಟನ್ನು ಸರ್ಕಾರವೂ ವೈದ್ಯರೂ ಕೈಗೂಡಿಸಿದರೆ ಆಸ್ಪತ್ರೆಯ ಬಾಗಿಲಿಗೆ ಬರುವವರ ಸಂಖ್ಯೆಯೇ ತಗ್ಗುವುದು.

ಮನೆಯಲ್ಲಿ ಜ್ವರದ ರೋಗಿಯಿದ್ದವರು ಇಷ್ಟನ್ನು ಮಾಡಿರಿ. ಜ್ವರ ಇಳಿದು ಎರಡು ದಿನವಾದ ಮೇಲೆ ಅದು ಮರಳಿ ಬಂದರೆ, ಅಥವಾ ಮೊದಲ ಜ್ವರದಲ್ಲಿಯೇ ಏದುಸಿರು ಹತ್ತಿದರೆ, ಗಡಿಯಾರವನ್ನು ಕೈಯಲ್ಲಿ ಹಿಡಿದು ರೋಗಿಯ ಎದೆ ಒಂದು ನಿಮಿಷದಲ್ಲಿ ಎಷ್ಟು ಸಲ ಏರಿಳಿಯುವುದೆಂದು ಎಣಿಸಿರಿ. ಸ್ವಸ್ಥರಾದ ವಯಸ್ಕರಲ್ಲಿ ಅದು ಇಪ್ಪತ್ತನ್ನು ಮೀರುವುದಿಲ್ಲ. ಮೂವತ್ತರ ಮೇಲಾದರೆ, ಬೆಳಗಾಗಲೆಂದು ಕಾಯದೆ, ಆ ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ಯಿರಿ.